ಹಿಮ್ಮಡಿಯ ಕೆಳಗಿನ ಸಿಂಬಿ

ದೆವ್ವ, ಭೂತ, ಇಲ್ಲದವರು ಬಂದು ನಿಲ್ಲುವುದು, ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ನಾನು ಓದಿದ್ದು ಏಳನೇ ತರಗತಿ, ಹಾಗಾಗಿ ಓದಿನಿಂದ ಬಂದ ಧೈರ್ಯವೂ ಅಲ್ಲ ಅದು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ವಾರ್ಡ್ ಬಾಯ್ ಆಗಿದ್ದೆ. ಎಷ್ಟೋ ಹೆಣಗಳನ್ನು ಒಬ್ಬನೇ ಶವಾಗಾರಕ್ಕೆ ತಳ್ಳಿಕೊಂಡು ಹೋಗಿದ್ದೇನೆ. ಒಂದೂ ನನ್ನನ್ನು ಮಾತಾಡಿಸಲಿಲ್ಲ. ಇಂಥ ಕಥೆ ಹೇಳುವವರನ್ನು ಕಂಡರೆ ನಗುತ್ತಿದ್ದೆ. ಈಗ ನೀವು ನಕ್ಕರೆ ಬೇಜಾರಿಲ್ಲ. ಆದರೆ ಇದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನು ಬಿಟ್ಟು ವಿಚಿತ್ರವನ್ನು ಮಾತ್ರ ಹೇಳಿದರೆ ಮೋಸವಾಗುತ್ತದೆ.

ಎರಡು ಸಾವಿರದ ಐದೋ ಆರೋ ಇಸವಿ. ಒಮಾನಿನ ರುಸ್ತಾಕಿನಲ್ಲಿ, ಒಂದು ಮನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. ಲಕ್ವ ಹೊಡೆದು ಮಲಗಿದ್ದ ಯಜಮಾನರೊಬ್ಬರನ್ನು ನೋಡಿಕೊಳ್ಳುವ ಕೆಲಸ. ಎಲ್ಲರೂ ಅವರನ್ನು ಬಾಬಾ ಎನ್ನುತ್ತಿದ್ದರು. ಅವರ ಮಗ ನನ್ನ ಕಫೀಲ್, ಅಂದರೆ ನನಗೆ ವೀಸಾ ಕೊಟ್ಟವರು. ಬಾಬಾ ಅವರಿಗೆ ಮಾತು ಹೆಚ್ಚುಕಡಿಮೆ ನಿಂತೇಹೋಗಿತ್ತು. ವಾರಕ್ಕೆ ಒಂದೋ ಎರಡೋ ಶಬ್ದ. ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಬೇಕು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಮೈ ಒತ್ತಿ ಹುಣ್ಣಾಗುತ್ತದೆ. ಎಷ್ಟು ಗಂಟೆಗೆ ಎಡ, ಎಷ್ಟು ಗಂಟೆಗೆ ಬಲ ಎಂದು ಗೋಡೆಯ ಮೇಲಿನ ಹಾಳೆಯಲ್ಲಿ ಬರೆದು ಸಹಿ ಹಾಕಬೇಕಿತ್ತು.

ಕೆಲಸ ಕಷ್ಟವಿರಲಿಲ್ಲ. ಆ ಮನೆಯಲ್ಲಿ ಮಾತಾಡಲು ಜನ ಇರಲಿಲ್ಲ, ಅದೇ ಕಷ್ಟ. ನಮ್ಮ ಮನೆಯ ಮಾತು ತುಳು. ಅದನ್ನು ನಾನು ಬಾಬಾ ಅವರ ಹತ್ತಿರವೇ ಆಡುತ್ತಿದ್ದೆ. ಮೈ ಒರೆಸುವಾಗ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದೆ. ಅವರು ಛಾವಣಿ ನೋಡುತ್ತಾ ಮಲಗಿರುತ್ತಿದ್ದರು.

ಊರಿನಲ್ಲಿ ನನಗಿದ್ದವಳು ಅಕ್ಕ ಒಬ್ಬಳೇ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ಮನೆ ಕಟ್ಟುವ ಕಡೆ ಕೆಂಪು ಕಲ್ಲು, ಮಣ್ಣು ಹೊರುವ ಕೆಲಸ ಮಾಡಿಯೇ ಅವಳ ಆಯುಷ್ಯ ಕಳೆಯಿತು. ಮದುವೆಯಾಗಲಿಲ್ಲ. ಆ ವರ್ಷ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು. ಪಕ್ಕದ ಮನೆಯ ಗಿರಿಜಕ್ಕ ಬೆಳಿಗ್ಗೆ ಸಂಜೆ ಬಂದು ಗಂಜಿ ಕೊಡುತ್ತಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ನಾನು ಫೋನಿನಲ್ಲಿ ಹೇಳಿದಾಗ ಅವರು, “ನನಗೆ ಬೀಡಿ ಕಟ್ಟುವುದು ಬೇಡವಾ ಹಾಗಾದರೆ? ಅಷ್ಟು ಗೊತ್ತಿದ್ದವ ನೀನೇ ಬಾ” ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ನನ್ನ ತಪ್ಪು ಇಲ್ಲಿದೆ. ಅಕ್ಕ ಬಿದ್ದ ಸುದ್ದಿ ಕೇಳಿ ಕಫೀಲ್ ತಾವಾಗಿಯೇ ರಜೆ ಕೊಡುತ್ತೇನೆ ಎಂದಿದ್ದರು. ನಾನು ಅಕ್ಕನಿಗೆ, ಕಫೀಲ್ ಬಿಡುವುದಿಲ್ಲ ಎಂದು ಹೇಳಿದೆ. ಒಮ್ಮೆ ಹೋದರೆ ಆ ಹಾಸಿಗೆಯ ಪಕ್ಕದಿಂದ ಏಳಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಇನ್ನೊಂದು ಮಾತೂ ಇದೆ. ಮಂಗಳೂರಿನಲ್ಲಿ ನಾನು ‘ಏ ವಾರ್ಡ್ ಬಾಯ್’. ರುಸ್ತಾಕಿನಲ್ಲಿ ಆ ಮನೆಯ ಮಕ್ಕಳು ಕೂಡ ನನ್ನನ್ನು ‘ದಕ್ತೂರ್’, ಅಂದರೆ ಡಾಕ್ಟರ್, ಎನ್ನುತ್ತಿದ್ದರು. ಅದನ್ನು ಬಿಟ್ಟು ಹೋಗಲು ಮನಸ್ಸಿರಲಿಲ್ಲ.

ಎರಡು ವರ್ಷದ ವೀಸಾ ಮುಗಿಯುತ್ತಾ ಬಂತು. ಕಫೀಲ್ ಹೊಸ ಕರಾರಿನ ಕಾಗದ ತಂದುಕೊಟ್ಟರು. “ಇರುವುದಾದರೆ ಸಹಿ ಹಾಕು. ಹೋಗುವುದಾದರೆ ಟಿಕೆಟ್ ಮಾಡಿಸುತ್ತೇನೆ. ಶನಿವಾರ ಬೆಳಿಗ್ಗೆ ಹೇಳು” ಎಂದರು. ಮರುದಿನ ಶುಕ್ರವಾರ ಮನೆಯವರೆಲ್ಲ ಅಲ್ ಹೈಲ್‌ನಲ್ಲಿದ್ದ ಅವರ ತಮ್ಮನ ಮನೆಗೆ ಹೋದರು. ದೊಡ್ಡ ಬಾಗಿಲಿಗೆ ಒಳಗಿನಿಂದ ನಾನೇ ಬೀಗ ಹಾಕಿದೆ. ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಹನ್ನೆರಡು ಗಂಟೆಗೆ ಬಾಬಾ ಅವರನ್ನು ಬಲಮಗ್ಗುಲಿಗೆ ಮಾಡಿ, ಹಾಳೆಯಲ್ಲಿ ಬರೆದು, ನನ್ನ ಕೋಣೆಗೆ ಬಂದು ಕಾಗದ ಮುಂದಿಟ್ಟುಕೊಂಡು ಕೂತೆ. ಜೂನ್ ತಿಂಗಳ ಬಿಸಿಲು. ಹೊರಗೆ ಒಂದು ನಾಯಿಯ ಸದ್ದೂ ಇಲ್ಲ. ಇರುವುದೋ, ಹೋಗುವುದೋ ಎಂದು ಯೋಚಿಸುತ್ತಾ ಹಾಗೆಯೇ ನಿದ್ದೆ ಹೋದೆ.

ಎಚ್ಚರವಾದದ್ದು ಮಸೀದಿಯಿಂದ ಅಸರ್ ನಮಾಜಿನ ಬಾಂಗ್ ಕೇಳಿ. ಮೂರೂವರೆ ದಾಟಿತ್ತು. ಎರಡು ಗಂಟೆಯದು ತಪ್ಪಿಹೋಗಿತ್ತು. ಆ ಎರಡು ವರ್ಷದಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ಓಡಿದೆ.

ಬಾಬಾ ಎಡಮಗ್ಗುಲಲ್ಲಿ ಮಲಗಿದ್ದರು. ಬೆನ್ನಿಗೆ ದಿಂಬು ಒತ್ತಿ ಇಟ್ಟಿತ್ತು, ಮೊಣಕಾಲುಗಳ ನಡುವೆ ಇನ್ನೊಂದು. ಅವರಾಗಿ ಕತ್ತು ಕೂಡ ತಿರುಗಿಸಲಾರದವರು. ಹೊದಿಕೆ ಎತ್ತಿ ನೋಡಿದರೆ ಎಡಗಾಲಿನ ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಒಂದು ಸಿಂಬಿಯ ಮೇಲೆ ಕೂತಿತ್ತು. ತಲೆಯ ಮೇಲೆ ಹೊರೆ ಹೊರುವಾಗ ಬಟ್ಟೆ ಸುತ್ತಿ ಮಾಡುತ್ತಾರಲ್ಲ, ಅದೇ ಸಿಂಬಿ. ಬಟ್ಟೆ ನನ್ನ ಬೈರಾಸು, ಮೈ ಒರೆಸಿಕೊಳ್ಳುವ ಟವೆಲು. ಬೆಳಿಗ್ಗೆ ತಾರಸಿಯ ತಂತಿಯ ಮೇಲೆ ಒಣಗಲು ಹಾಕಿದ್ದೆ. ಬಿಸಿಲಿಗೆ ಒಣಗಿ ಗಡಸಾಗಿತ್ತು. ಹಿಮ್ಮಡಿ ನೋಡಿದೆ. ಅಲ್ಲಿ ಚರ್ಮ ಕೆಂಪಾಗಿ, ಇನ್ನೇನು ಬೊಬ್ಬೆ ಏಳುವ ಹಾಗಿತ್ತು. ಬೆಳಿಗ್ಗೆ ಮೈ ಒರೆಸಿದ ನಾನು ಅದನ್ನು ಗಮನಿಸಿರಲಿಲ್ಲ.

ನಿದ್ದೆಗಣ್ಣಿನಲ್ಲಿ ನಾನೇ ಎದ್ದು ಮಾಡಿದೆನೇ? ಮಗ್ಗುಲು ಬದಲಿಸುವುದು ನನ್ನ ಕೈಗೆ ಅಷ್ಟು ರೂಢಿಯಾಗಿತ್ತು, ಆಗಿರಬಹುದು. ಆದರೆ ನನಗೆ ಸಿಂಬಿ ಸುತ್ತಲು ಬರುವುದಿಲ್ಲ. ನಮ್ಮ ಕಡೆ ಅದು ಹೆಂಗಸರ ಕೆಲಸ, ಗಂಡುಮಕ್ಕಳಿಗೆ ಯಾರೂ ಕಲಿಸುವುದಿಲ್ಲ. ಇದು ಎಡಕ್ಕೆ ಹೊಸೆದು, ತುದಿಯನ್ನು ಒಳಗೆ ತುರುಕಿದ ಸಿಂಬಿ. ಅಕ್ಕ ಎಡಗೈಯವಳು. ಜೊತೆಯ ಹೆಂಗಸರು ಅವಳ ಸಿಂಬಿಗೆ ನಗುತ್ತಿದ್ದರು.

ಅಷ್ಟರಲ್ಲಿ ಬಾಬಾ ಬಾಯಿ ತೆರೆದರು. “ವೇನ್ ಹುರ್ಮಾ?” ಎಂದರು. ಹೆಂಗಸೆಲ್ಲಿ ಎಂದು. ನಾನು ಬೀಗ ನೋಡಿದೆ, ಹಾಕಿದ ಹಾಗೆಯೇ ಇತ್ತು; ತಾರಸಿ ನೋಡಿದೆ, ಅಡುಗೆಮನೆ ನೋಡಿದೆ. ಯಾರೂ ಇರಲಿಲ್ಲ.

ಹೆದರಿಕೆಯಲ್ಲೂ ನಾನು ಮಾಡಿದ ಮೊದಲ ಕೆಲಸ, ಹಾಳೆಯಲ್ಲಿ ಎರಡು ಗಂಟೆಯ ಚೌಕದೊಳಗೆ ನನ್ನ ಸಹಿ ಹಾಕಿದ್ದು. ಸಂಜೆ ಕಫೀಲ್ ಬಂದು ಹಿಮ್ಮಡಿ ನೋಡಿದರು. ಸಿಂಬಿ ನೋಡಿ ನನ್ನ ಭುಜ ತಟ್ಟಿ, “ಜೇನ್, ದಕ್ತೂರ್, ಜೇನ್” ಎಂದರು. ಒಳ್ಳೆಯದಾಯಿತು ಎಂದು. ಆ ಹೊಗಳಿಕೆಯನ್ನೂ ನಾನು ತೆಗೆದುಕೊಂಡೆ.

ಆಮೇಲೆ ಪೇಟೆಗೆ ಓಡಿದೆ. ನಾನು ಊರಿಗೆ ಫೋನ್ ಮಾಡುತ್ತಿದ್ದದ್ದು ಅಲ್ಲಿ, ಉಪ್ಪಿನಂಗಡಿ ಕಡೆಯಿಂದ ಬಂದಿದ್ದ ಇದಿನಬ್ಬ ಬ್ಯಾರಿಗಳ ಅಂಗಡಿಯಿಂದ. ನನ್ನ ಮುಖ ನೋಡಿ ಅವರು, “ಎಂತ ಡಾಕ್ಟ್ರೇ, ಇವತ್ತು ನಿಮಗೇ ಗ್ಲೂಕೋಸ್ ಏರಿಸ್ಬೇಕಾ ಹೇಗೆ?” ಎಂದರು.

“ಒಂದು ಫೋನ್ ಕೊಡಿ ಬ್ಯಾರಿಗಳೇ.”

“ಮೊದಲು ನೀರು ಕುಡೀರಿ ಮಾರಾಯ್ರೆ. ಫೋನ್ ಎಲ್ಲಿಗೂ ಓಡುದಿಲ್ಲ.”

ಅಕ್ಕ ಸತ್ತಿದ್ದಾಳೆ ಎಂದೇ ನಾನು ನಂಬಿದ್ದೆ. ಆದರೆ ಗಿರಿಜಕ್ಕ ಮೊಬೈಲನ್ನು ಹಾಸಿಗೆಯ ಹತ್ತಿರ ಒಯ್ದು ಕೊಟ್ಟರು, ಅಕ್ಕನೇ ಮಾತಾಡಿದಳು. ತುಳುವಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಊಟ ಆಯ್ತಾ ಮಗಾ?”

“ಆಯ್ತು. ನೀನು ಹೇಗಿದ್ದೀ?”

“ಇದ್ದೇನೆ. ಎಲ್ಲಿಗೆ ಹೋಗ್ಲಿಕ್ಕುಂಟು, ಸೊಂಟ ಬಿಡಬೇಕಲ್ಲ!” ಎಂದು ನಕ್ಕಳು. ಆಮೇಲೆ, “ರಜೆ ಏನಾದ್ರೂ ಕೊಟ್ಟರಾ ಅವರು?” ಎಂದು ಕೇಳಿದಳು.

ಅಷ್ಟೆಲ್ಲ ಕಣ್ಣಾರೆ ಕಂಡು ಬಂದವನು ನಾನು. ಆದರೂ ನನ್ನ ಬಾಯಿಂದ, “ಇಲ್ಲ ಅಕ್ಕಾ, ಬಿಡುವುದಿಲ್ಲವಂತೆ” ಎಂದೇ ಬಂತು.

“ಆಯ್ತು ಬಿಡು. ಆ ಅಜ್ಜನ ಹಿಮ್ಮಡಿ ನೋಡಿಕೋ. ಮೊದಲು ಅಲ್ಲೇ ಕೆಂಪಾಗುವುದು” ಎಂದಳು.

ಬಾಬಾ ಅವರ ಹಿಮ್ಮಡಿಯ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ಅವಳದ್ದೇ ಹಿಮ್ಮಡಿ ಒತ್ತಿಹೋಗಿತ್ತು, ಅದರಿಂದ ಅವಳಿಗೆ ಗೊತ್ತಿತ್ತು ಎಂದೂ ಇರಬಹುದು. ನಿನ್ನದು ಹೇಗಿದೆ ಅಕ್ಕಾ ಎಂದು ಕೇಳಬೇಕಿತ್ತು. ನಾನು ಕೇಳಲಿಲ್ಲ. ಮರಳಿ ಬಂದು ಸಿಂಬಿ ಬಿಚ್ಚಿ ನೋಡಿದೆ, ತಿರುಗಿ ಸುತ್ತಲು ನನ್ನಿಂದಾಗಲಿಲ್ಲ. ಶನಿವಾರ ಬೆಳಿಗ್ಗೆ ಕಾಗದಕ್ಕೆ ಸಹಿ ಹಾಕಿದೆ.

ಆ ಮಳೆಗಾಲ ಮುಗಿಯುವ ಮೊದಲೇ ಅಕ್ಕ ಹೋದಳು. ಸುದ್ದಿ ಬಂದಾಗ ಕಫೀಲ್ ತಾವೇ ಕಾರು ಬಿಟ್ಟುಕೊಂಡು ನನ್ನನ್ನು ಮಸ್ಕತ್ತಿಗೆ ತಂದು ವಿಮಾನ ಹತ್ತಿಸಿದರು. ನಾನು ಊರು ಮುಟ್ಟುವಾಗ ಎಲ್ಲ ಮುಗಿದಿತ್ತು. “ನಿನ್ನ ಆ ಅರಬಿಗೆ ಕರುಳು ಎಂಬುದಿಲ್ಲವಾ?” ಎಂದು ಗಿರಿಜಕ್ಕ ಬಯ್ದರು. ರಜೆ ಕೊಡುತ್ತೇನೆ ಎಂದವರೇ ಅವರು ಎಂದು ನಾನು ಆಗಲೂ ಹೇಳಲಿಲ್ಲ. ನಮ್ಮ ಊರಿನಲ್ಲಿ ಆ ಒಳ್ಳೆಯ ಮನುಷ್ಯರು ಇಂದಿಗೂ ಕಲ್ಲುಮನಸ್ಸಿನವರು.

ರುಸ್ತಾಕಿಗೆ ಮರಳಿದ ಮೇಲೆ ಬಾಬಾ ಅವರನ್ನು ಎಷ್ಟೋ ಸಲ ಕೇಳಿದೆ, ಯಾವ ಹೆಂಗಸು, ಹೇಗಿದ್ದಳು ಎಂದು. ಅವರು ಛಾವಣಿ ನೋಡುತ್ತಾ ಮಲಗಿರುತ್ತಿದ್ದರು. ಅಂದು ಬಂದವರು ಯಾರು, ಬಂದದ್ದೇ ನಿಜವೇ, ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಅಕ್ಕನೇ ಆಗಿದ್ದರೆ, ನನ್ನನ್ನು ಯಾರೂ ಕಟ್ಟಿಹಾಕಿಲ್ಲ ಎಂಬುದು ಆ ಮನೆಯಲ್ಲಿ ಅವಳಿಗೆ ಕಂಡಿರಬೇಕು. ಕಂಡೂ ಸಂಜೆ ಫೋನಿನಲ್ಲಿ ಆಯ್ತು ಬಿಡು ಎಂದಳು. ಅದಕ್ಕೇ ಕೆಲವು ದಿನ, ಅದು ಅಕ್ಕ ಆಗಿರದಿರಲಿ ಎಂದು ಬೇಡಿಕೊಳ್ಳುತ್ತೇನೆ. ಉಳಿದ ದಿನಗಳಲ್ಲಿ, ಅವಳೇ ಆಗಿರಲಿ ಎಂದು.