ಬಾಯಿಬಿಟ್ಟು ಯೋಚಿಸಲು ಕಲಿತವಳು

ಮೂರು ಕಂಪನಿಗಳು ಆ ಹುಡುಗಿಯನ್ನು ಒಂದೇ ಕಾರಣ ಹೇಳಿ ವಾಪಸು ಕಳಿಸಿದ್ದವು. ಪ್ರೋಗ್ರಾಂ ಸರಿಯಾಗಿಯೇ ಬರೆಯುತ್ತಾಳೆ. ಆದರೆ ಬರೆಯುವಾಗ ತಲೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸಂದರ್ಶನಕ್ಕೆ ಕುಳಿತವರಿಗೆ ಉತ್ತರಕ್ಕಿಂತ ಉತ್ತರದ ದಾರಿ ಕೇಳಿಸಬೇಕು. ಇವಳೋ, ತುಟಿ ಹೊಲಿದುಕೊಂಡವಳಂತೆ ಬೋರ್ಡಿನ ಮುಂದೆ ನಿಂತು, ಕೊನೆಗೆ ಎಲ್ಲವನ್ನೂ ಒಮ್ಮೆಲೇ ಬರೆದು ಕೂರುವವಳು.

ತಪ್ಪು ಅವಳೊಬ್ಬಳದೇ ಅಲ್ಲ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ ಅಕ್ಕ, ಹೊಲಿಗೆಯವಳು, 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂದು ಗದರಿಯೇ ಬೆಳೆಸಿದ್ದಳು. ಈಗ ಅದೇ ಅಕ್ಕ ಮಷೀನು ನಿಲ್ಲಿಸಿ, ಸಂದರ್ಶಕಿಯ ಠೀವಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಳು.

"ಹೇಳೇ, ಈಗ ಏನು ಯೋಚಿಸ್ತಿದ್ದೀಯ?"

"ನಿನಗೆ ಅರ್ಥ ಆಗಲ್ಲ ಅಕ್ಕ."

"ಆಗೋದೇನೂ ಬೇಡ, ತಲೆ ಆಡಿಸ್ತೀನಿ. ಅವರು ಮಾಡೋದೂ ಅಷ್ಟೇ!"

ತಂಗಿ ಕಲಿತಳು. ತರಕಾರಿ ಹೆಚ್ಚುವಾಗ, ಬಟ್ಟೆ ಹಿಂಡುವಾಗ, ಮೆಟ್ಟಿಲು ಹತ್ತುವಾಗ ಪ್ರತಿ ಯೋಚನೆಗೂ ದನಿ ಕೊಟ್ಟಳು. ನಾಲ್ಕನೆಯ ಕಂಪನಿಯಲ್ಲಿ ಅರಳು ಹುರಿದಂತೆ ಮಾತಾಡಿದಳು. ಕೆಲಸ ಸಿಕ್ಕಿತು. ಆರು ತಿಂಗಳು ಕೆಲಸ ನೋಡಿ ಆಮೇಲೆ ಖಾಯಂ ಮಾಡುತ್ತೇವೆ ಎಂದರು.

ಅಲ್ಲಿನ ಹಾಲ್‌ನಲ್ಲಿ ಎಲ್ಲರ ಕಿವಿಗೂ ಹೆಡ್‌ಫೋನ್. ಕೀಬೋರ್ಡುಗಳ ಟಕಟಕ ಬಿಟ್ಟರೆ ಸದ್ದಿಲ್ಲ. ಅದರ ನಡುವೆ ಇವಳೊಬ್ಬಳು, "ಈ ಪಟ್ಟಿ ಖಾಲಿ ಇದ್ರೆ? ಹಾಗಾದ್ರೆ ಹಿಂದಕ್ಕೆ ಹೋಗ್ಬೇಕು..." ಎಂದು ಗೊಣಗುತ್ತಿದ್ದಳು.

ಪಕ್ಕದ ಕುರ್ಚಿಯವನು ಹೆಡ್‌ಫೋನ್ ಸರಿಸಿ, "ಮೇಡಂ, ಒಳಗಡೆ ಯಾರಿದ್ದಾರೆ? ನಮಗೂ ಪರಿಚಯ ಮಾಡಿಸಿ" ಎಂದ. ಸುತ್ತಲಿನವರು ನಕ್ಕರು.

ಅವಳು ಬಾಯಿ ಮುಚ್ಚಿದಳು. ಆಗಲೇ ಗೊತ್ತಾದದ್ದು: ಹಿಂದೆ ಮೌನದಲ್ಲಿ ತಾನಾಗಿ ಕೂಡಿಕೊಳ್ಳುತ್ತಿದ್ದ ಲೆಕ್ಕ ಈಗ ಕೂಡಿಕೊಳ್ಳುವುದಿಲ್ಲ. ದನಿಯ ಊರುಗೋಲಿಲ್ಲದೆ ಯೋಚನೆ ಸ್ವಲ್ಪ ದೂರ ನಡೆದು ಕುಸಿಯುತ್ತಿತ್ತು. ಮೆಟ್ಟಿಲ ಬಳಿ ನಿಂತು ಪಿಸುಗುಟ್ಟಿ ಬರುವಳು. ಕುರ್ಚಿ ಮುಟ್ಟುವಷ್ಟರಲ್ಲಿ ಅರ್ಧ ಸೋರಿಹೋಗಿರುತ್ತಿತ್ತು. ಅವಳು ಬರೆದದ್ದನ್ನು ಇತರರು ತಿದ್ದತೊಡಗಿದರು. ಆಮೇಲೆ ಅವಳಿಗೆ ಬರೆಯಲು ಕೊಡುವುದನ್ನೇ ಬಿಟ್ಟರು.

ಅವಧಿ ಮುಗಿದಾಗ ಮ್ಯಾನೇಜರ್ ಕರೆದ. ಕೆಟ್ಟ ಮನುಷ್ಯನಲ್ಲ.

"ಇಂಟರ್‌ವ್ಯೂನಲ್ಲಿ ಎಷ್ಟು ಚೆನ್ನಾಗಿ ಮಾತಾಡಿದ್ರಿ! ಅದನ್ನ ನೋಡೇ ನಿಮ್ಮನ್ನ ತಗೊಂಡಿದ್ದು. ಏನಾಯ್ತು ಹೇಳಿ. ಹೇಳಿದ್ರೆ ಮೇಲಿನವರ ಹತ್ರ ಇನ್ನೊಂದು ಅವಕಾಶ ಕೇಳ್ತೀನಿ."

ಹೇಳಲು ಇತ್ತು. "ಮೊದಲು ನಾನು..." ಎಂದಳು. ತಿಂಗಳುಗಟ್ಟಲೆ ಗಂಟಲಲ್ಲೇ ಅದುಮಿಟ್ಟ ದನಿ ಅಲ್ಲಿಂದ ಮುಂದೆ ಏಳಲಿಲ್ಲ. ಅವನು ತಾಳ್ಮೆಯಿಂದಲೇ ಕಾದ. ಕಾದು ಕಾದು, "ಸರಿ ಹಾಗಾದ್ರೆ" ಎಂದ.

ಅಕ್ಕ ಅವಳ ಮುಖ ನೋಡಿಯೇ ಅರಿತಳು. "ಬಿಡೇ, ಇನ್ನೊಂದು ಕಂಪನಿ ಕರೆಯುತ್ತೆ."

"ಕರೆದ್ರೆ ಮಾತಾಡ್ಬೇಕು. ಸೇರಿದ ಮೇಲೆ ಬಾಯಿ ಮುಚ್ಕೊಂಡು ಕೆಲಸ ಮಾಡ್ಬೇಕು. ನನಗೀಗ ಎರಡೂ ಬರಲ್ಲ ಅಕ್ಕ."

ಅಕ್ಕ ಮಷೀನು ನಿಲ್ಲಿಸಿದಳು. ಹೊಲಿದಿಟ್ಟಿದ್ದ ಅಂಗಿಗಳ ರಾಶಿಯನ್ನು ಅವಳ ಕಡೆ ಸರಿಸಿ, "ಗುಂಡಿ ಹಾಕ್ತೀಯಾ?" ಎಂದಳು.

ತಂಗಿ ಸೂಜಿಗೆ ದಾರ ಪೋಣಿಸಿದಳು. ಸಂಜೆಯ ಹೊತ್ತಿಗೆ ರಾಶಿ ಮುಗಿಯಿತು. ಮರುದಿನವೂ ಅಂಗಿಗಳು ಬಂದವು.