ಎಲ್ಲರ ಬಳೆ ಶಾಸ್ತ್ರಕ್ಕೂ ಬರುತ್ತಿದ್ದ ದೊಡ್ಡಮ್ಮ

ತಿರುಪ್ಪೂರಿನ ಬನಿಯನ್ ಕಂಪನಿಗಳ ಓಣಿಯಲ್ಲಿ ಎಚ್‌ಐವಿ ಇರುವ ಯಾವ ಹೆಣ್ಣು ಬಸುರಿಯಾದರೂ, ನನ್ನ ಗೆಳತಿ ಕನ್ನಿಯಮ್ಮಾಳ್ ಅವಳ ಬಳೆ ಶಾಸ್ತ್ರಕ್ಕೆ ದೊಡ್ಡಮ್ಮನಾಗಿ ಹಾಜರಾಗುತ್ತಿದ್ದಳು. ಅವಳು ಆಸ್ಪತ್ರೆಯ ಎಚ್‌ಐವಿ ಕಾರ್ಯಕರ್ತೆ; ಹಾಗೆಂದು ಹೇಳಿಕೊಂಡರೆ ಬಸುರಿಯ ಗುಟ್ಟು ರಟ್ಟಾಗುತ್ತದಲ್ಲ. ಇವಳಿಗೆ ಒಟ್ಟು ಎಷ್ಟು ಜನ ತಂಗಿಯರು ಎಂದು ಬಳೆಗಾರನೇ ಬೆರಗಾಗಿದ್ದ. ನಾಲ್ಕು ಬಗೆಯ ಚಿತ್ರಾನ್ನವನ್ನೂ ಉಂಡು, ನಾಲ್ಕಕ್ಕೂ ಕೊಂಕು ತೆಗೆದು, ಆಮೇಲೆ ಬಸುರಿಯನ್ನು ಪಕ್ಕಕ್ಕೆ ಕರೆದು, ತಮಿಳರ ಮುದ್ದಿನ 'ಕಣ್ಣು' ಸೇರಿಸಿ ಒಂದೇ ಪ್ರಶ್ನೆ: "ಮಾತ್ರೆ ನುಂಗಿದ್ಯಾ ಕಣ್ಣು?" ಸರಣ್ಯಾ ಎಂಬ ಟೈಲರ್ ಹುಡುಗಿ ಒಮ್ಮೆ ತಲೆ ತಗ್ಗಿಸಿದಳು. "ಮಾತ್ರೆ ಉಷ್ಣ, ಮಗೂಗೆ ಆಗಲ್ಲ ಅಂತ ಎರಡು ದಿನದಿಂದ ನಿಲ್ಸಿದೀನಿ ದೊಡ್ಡಮ್ಮಾ." "ಉಷ್ಣವಾ? ನಿಮ್ಮತ್ತೆ ನಾಲಿಗೆಗಿಂತಾನಾ? ಬಸುರೀರು ತಗೋಬೋದಾದ ಮಾತ್ರೇನೇ ಡಾಕ್ಟರು ಕೊಟ್ಟಿರೋದು. ನಿಲ್ಸಿದ್ರೇನೇ ಮಗೂಗೆ ಆಪತ್ತು," ಎಂದು ಗದರಿಸಿ, ಪರ್ಸಿನಿಂದ ಬೊಚ್ಚುಬಾಯಿ ನಗುವಿನ ಕೂಸಿನ ಫೋಟೊ ತೆಗೆದಳು. "ಇವಳಮ್ಮ ಒಂದು ದಿನಾನೂ ಬಿಡದೆ ನುಂಗಿದಳು, ಹುಟ್ಟಿದ ಮೇಲೆ ಕೂಸಿಗೂ ಔಷಧಿ ಕೊಟ್ಟಳು. ಒಂದೂವರೆ ವರ್ಷಕ್ಕೆ ಕಡೇ ಟೆಸ್ಟು. ಕೂಸಿಗೆ ಏನೂ ಇಲ್ಲ!" ಸರಣ್ಯಾ ಅವಳೆದುರೇ ಮಾತ್ರೆ ನುಂಗಿದಳು. ಕಳೆದ ತಿಂಗಳು ಬಸ್ ಅಪಘಾತದಲ್ಲಿ ಕನ್ನಿಯಮ್ಮಾಳ್ ಹೋದಳು. ಅವಳ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಅವಳು ಬಳೆ ಶಾಸ್ತ್ರಕ್ಕೆ ಹೋಗಿದ್ದವರ ಮಕ್ಕಳೇ ಅಷ್ಟು. ಗೋಡೆಯ ಮೇಲೆ ಅದೇ ಫೋಟೊ ದೊಡ್ಡದಾಗಿ ತೂಗುತ್ತಿತ್ತು; ಅದರ ಕೆಳಗೆ ಅದೇ ಕೂಸು, ಕನ್ನಿಯಮ್ಮಾಳ ಮಗಳು ಜಯಪ್ರಿಯಾ, ಈಗ ಏಳನೇ ಕ್ಲಾಸು, ಗೋಡೆಗೊರಗಿ ಕೂತಿದ್ದಳು. ಸರಣ್ಯಾ ಫೋಟೊ ನೋಡಿದಳು, ಹುಡುಗಿಯನ್ನು ನೋಡಿದಳು. ಎರಡು ವರ್ಷದ ತನ್ನ ಗುಂಡು ಮಗನನ್ನು ಜಯಪ್ರಿಯಾಳ ಮಡಿಲಿಗಿಟ್ಟು, "ಇವಳು ನಿನ್ ಚಿಕ್ಕಮ್ಮ ಕಣ್ಣು," ಎಂದು ಅವನಿಗೆ ಹೇಳಿದಳು.