ಬೋರಲು ಹಾಕಿದ ಕುರ್ಚಿ

ಬೆತ್ತದಕ್ಕ ಎಂದರೆ ಆ ಓಣಿಯಲ್ಲಿ ಗೊತ್ತಿಲ್ಲದವರಿಲ್ಲ. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತುಹೋಗಿರಬೇಕು. ನಲವತ್ತೆರಡು ವರ್ಷ ಕುರ್ಚಿಗಳಿಗೆ ಬೆತ್ತ ಹೆಣೆದ ಕೈ ಅವಳದು. ಬೆರಳ ತುದಿಗಳು ಎಷ್ಟು ಜಡ್ಡುಗಟ್ಟಿದ್ದವೆಂದರೆ ಮೊಬೈಲಿನ ಗಾಜನ್ನು ಒತ್ತಿದರೆ ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಬೆರಳ ಗೆಣ್ಣಿನಿಂದ ಒತ್ತಿ ಹಿಡಿದು, ಮೊಬೈಲಿನಲ್ಲಿದ್ದ ಮನೆಮಂದಿಯ ಗುಂಪಿಗೆ ಬರೆಯದೆ ಮಾತಾಡಿಯೇ ಕಳಿಸುತ್ತಿದ್ದಳು.

ಕೆಲಸ ಕಲಿಸಿದವನು ಅವಳಿಗಿಂತ ಹನ್ನೆರಡು ವರ್ಷ ದೊಡ್ಡ ಅಣ್ಣ. ಒಂದೇ ಕೋಣೆಯಲ್ಲಿ ಅವಳು ಬಾಗಿಲ ಬಳಿ, ಅವನು ಕಿಟಕಿಯ ಬಳಿ, ಅವಳಿಗೆ ಬೆನ್ನು ಹಾಕಿಕೊಂಡು. ಆ ಕೋಣೆಗೆ ಅವನೇ ಹಾಕಿದ ಒಂದು ಕಟ್ಟಳೆಯಿತ್ತು: ಒಬ್ಬರು ಹೆಣೆದ ಕುರ್ಚಿಯನ್ನು ಇನ್ನೊಬ್ಬರು ಬೋರಲು ಹಾಕಿ ನೋಡಬಾರದು. ಮೇಲಿನ ನೇಯ್ಗೆ ಲೋಕಕ್ಕೆ, ಕೆಳಗಿನ ಗಂಟು ಹೆಣೆದವರಿಗೆ ಮಾತ್ರ. ಅವನು ತೀರಿಕೊಂಡು ಮೂರು ವರ್ಷವಾದರೂ ಅವಳು ಅದನ್ನು ಮೀರಿರಲಿಲ್ಲ.

ಅಣ್ಣನ ಕೈಕೆಲಸ ಇನ್ನೂ ಉಳಿದಿದ್ದದ್ದು ವಾಚನಾಲಯದ ಎಂಟು ಕುರ್ಚಿಗಳಲ್ಲಿ. ನಡುವಿನಿಂದ ಸುಳಿಯಂತೆ ಸುತ್ತಿ ಅಂಚಿಗೆ ಬಂದು ನಿಲ್ಲುವ ನೇಯ್ಗೆ; ಅದನ್ನು ಅವನು ಯಾರಿಗೂ ಕಲಿಸಿರಲಿಲ್ಲ. ಆ ಎಂಟರಲ್ಲಿ ಒಂದರ ಬೆತ್ತ ಹರಿಯಿತು. ವಾಚನಾಲಯದ ಮೇಲ್ವಿಚಾರಕ ಕೆಟ್ಟವನಲ್ಲ, ಆದರೆ ಸಾಲಿನಲ್ಲಿ ಒಂದು ಸೊಟ್ಟಗಿದ್ದರೂ ಅವನಿಗೆ ನಿದ್ದೆ ಬಾರದು. ಶನಿವಾರದೊಳಗೆ ಉಳಿದ ಏಳಕ್ಕೆ ಹೊಂದುವಂತೆ ಹೆಣೆದರೆ ಸರಿ, ಇಲ್ಲದಿದ್ದರೆ ಎಂಟನ್ನೂ ಗುಜರಿಗೆ ಹಾಕಿ ಪ್ಲಾಸ್ಟಿಕ್ಕಿನವು ತರಿಸುತ್ತೇನೆ ಎಂದುಬಿಟ್ಟ.

ಬೆತ್ತದಕ್ಕ ಎರಡು ಸಲ ಹೆಣೆದಳು, ಎರಡು ಸಲ ಬಿಚ್ಚಿದಳು. ನಾಲ್ಕನೇ ಸುತ್ತಿಗೆ ಬರುವಷ್ಟರಲ್ಲಿ ಬೆತ್ತ ಮುನಿಸಿಕೊಂಡು ಉಬ್ಬಿ ನಿಲ್ಲುತ್ತಿತ್ತು. ಸಾಕಾಗಿ ಗುಂಪಿನಲ್ಲಿ ತೋಡಿಕೊಂಡಳು.

ಆ ಗುಂಪಿಗೆ ಅಣ್ಣನ ಸೊಸೆ ಹಿಂದಿನ ತಿಂಗಳು ಒಂದು ಯಂತ್ರವನ್ನು ಸೇರಿಸಿದ್ದಳು. ಏನು ಕೇಳಿದರೂ ಮನುಷ್ಯರ ಹಾಗೇ ಉತ್ತರ ಬರೆಯುತ್ತಿತ್ತು. ಅದಕ್ಕೆ ಅಳಿಯ ಎಂದು ಹೆಸರಿಟ್ಟವಳು ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. "ಯಾವುದಕ್ಕೂ ಇಲ್ಲ ಅನ್ನಲ್ಲ, ಮುನಿಸ್ಕೊಳ್ಳಲ್ಲ, ಊಟಕ್ಕೂ ಬರಲ್ಲ. ಇಂಥ ಅಳಿಯ ಯಾರಿಗೆ ಸಿಗ್ತಾನೆ?" ಎಂದಿದ್ದಳು.

ಸೊಸೆ, ಹಳೇ ಬೆತ್ತ ಬಿಚ್ಚುವ ಮುಂಚೆ ತೆಗೆದಿದ್ದ ಹರಿದ ಕುರ್ಚಿಯ ಚಿತ್ರವನ್ನು ಅಳಿಯನ ಮುಂದಿಟ್ಟಳು. ಅವನು ಭಾರಿ ಧೈರ್ಯದಿಂದ ಹೀಗೆ ಹೀಗೆ ಹೆಣೆಯಿರಿ ಎಂದು ಹೇಳಿಕೊಟ್ಟ. ಬೆತ್ತದಕ್ಕ ಹಾಗೇ ಮಾಡಿದಳು. ನಾಲ್ಕನೇ ಸುತ್ತು ಮತ್ತೆ ಉಬ್ಬಿತು.

"ಓದಿಕೊಂಡು ಬೆತ್ತ ಹೆಣೆಯೋಕಾಗಲ್ಲ ಕಣಪ್ಪ ಅಳಿಯ," ಎಂದು ಗೆಣ್ಣೊತ್ತಿ ಕಳಿಸಿದಳು.

ಅವನು ವಾದಿಸಲಿಲ್ಲ. ತನ್ನ ಊಹೆ ತಪ್ಪಾಗಿರಬಹುದು, ಹರಿಯದ ಒಂದು ಕುರ್ಚಿಯದು ಮತ್ತು ನೀವು ಹೆಣೆದದ್ದರದು, ಎರಡರ ಅಡಿಭಾಗದ ಚಿತ್ರ ಕಳಿಸುವಿರಾ ಎಂದು ಕೇಳಿದ.

ಸೊಸೆ ಅದನ್ನು ಓದಿ ಹೇಳಿದಾಗ ಬೆತ್ತದಕ್ಕ ಕೈಲಿದ್ದ ಬೆತ್ತವನ್ನು ಕೆಳಗಿಟ್ಟಳು. ಕೇಳಬಾರದ ಒಂದೇ ಒಂದು ವಿಷಯವನ್ನು ಅಳಿಯ ಕೇಳಿದ್ದ. ಗುಂಪಿನಲ್ಲಿ ಅತ್ತಿಗೆಯ ಧ್ವನಿ ಬಂತು: "ನೋಡು ಪರವಾಗಿಲ್ಲ. ಅವರಿದ್ದಿದ್ರೆ ಬೈತಿದ್ರು. ಇದ್ದಿದ್ರೆ ತಾನೆ."

ಶುಕ್ರವಾರ ಬೆಳಿಗ್ಗೆ ವಾಚನಾಲಯದಲ್ಲಿ ಬೆತ್ತದಕ್ಕ ಅಣ್ಣನ ಕುರ್ಚಿಯನ್ನು ಮಲಗಿದ ಮಗುವನ್ನು ಮಗ್ಗುಲು ಬದಲಿಸುವ ಹಾಗೆ ಬೋರಲು ಹಾಕಿದಳು. ಚಿತ್ರ ತೆಗೆಯುವಾಗಲೂ ಅವಳ ಮುಖ ಆಚೆಗಿತ್ತು. ತಾನು ಹೆಣೆದದ್ದರ ಅಡಿಯ ಚಿತ್ರವನ್ನು ಮನೆಯಿಂದಲೇ ಕಳಿಸಿದ್ದಳು.

ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಅಳಿಯನ ಉತ್ತರವನ್ನು ಸೊಸೆ ಓದಿ ಗುಂಪಿಗೆ ಕಳಿಸಿದಳು. ಈ ಕುರ್ಚಿಯ ಗಂಟುಗಳು ಎಡಕ್ಕೆ ವಾಲಿವೆ, ನಿಮ್ಮವು ಬಲಕ್ಕೆ. ಬೆತ್ತ ಎಳೆದ ದಿಕ್ಕೂ ತಿರುಗುಮುರುಗಾಗಿದೆ. ಖಚಿತವಾಗಿ ಹೇಳಲಾರೆ, ಆದರೆ ಇದನ್ನು ಹೆಣೆದವರು ಎಡಗೈಯವರೇ ಎಂದು ಕೇಳಿದ್ದ.

ಇಲ್ಲ ಎನ್ನಲು ಅವಳು ಗೆಣ್ಣು ಮುಂದೆ ಮಾಡಿದ್ದಳು. ಅಣ್ಣ ಉಂಡಿದ್ದು, ಬರೆದಿದ್ದು, ಅವಳಿಗೆ ಕೆಲಸ ಕಲಿಸಿದ್ದು, ಎಲ್ಲ ಬಲಗೈಯಲ್ಲೇ. ಕಲಿಸುವಾಗ ಅವನ ಕೈ ಎಷ್ಟು ತಡವರಿಸುತ್ತಿತ್ತೆಂದರೆ, ನಿಂಗಿಂತ ನಾನೇ ಚುರುಕು ಎಂದು ಅವಳು ಎಷ್ಟೋ ಸಲ ಗೇಲಿ ಮಾಡಿದ್ದಳು. ಅಷ್ಟರಲ್ಲಿ ಅತ್ತಿಗೆಯ ಮಾತು ಬಂತು.

"ಹೌದು ಕಣೇ. ನೀನು ಹುಟ್ಟೋಕೆ ಮುಂಚೆ ಮಾವನೋರು ನಿಮ್ಮಣ್ಣನ ಎಡಗೈನ ಬೆನ್ನಿಗೆ ಕಟ್ಟಿಹಾಕ್ತಿದ್ರಂತೆ, ಬಲಗೈ ಪಳಗಲಿ ಅಂತ. ಯಾರಿಗೂ ಹೇಳ್ಬೇಡ ಅಂತ ನಿಮ್ಮಣ್ಣನೇ ನಂಗೆ ಅಂದಿದ್ರು. ಬೆತ್ತ ಒಂದು ಮಾತ್ರ ಅವರು ತಮ್ಮ ಕೈಲಿ ಮಾಡ್ತಿದ್ದಿದ್ದು."

ಬೆತ್ತದಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕಿಟಕಿಯ ಬಳಿ ಕೂತ ಅಣ್ಣನ ಆ ಬೆನ್ನು ಕಣ್ಣಿಗೆ ಕಟ್ಟಿತು. ಒಂದು ಹೊಟ್ಟೆಯಲ್ಲಿ ಹುಟ್ಟಿ, ಒಂದು ಕೋಣೆಯಲ್ಲಿ ಮೂವತ್ತೊಂಬತ್ತು ವರ್ಷ ಕೂತವಳಿಗೆ ಕಾಣದ ಕೈ, ಕಣ್ಣೇ ಇಲ್ಲದ ಒಂದಕ್ಕೆ ನಾಲ್ಕು ಗಂಟುಗಳಲ್ಲಿ ಕಂಡಿತ್ತು.

ಆಮೇಲೆ ಮೊಬೈಲನ್ನು ಬಾಯ ಹತ್ತಿರ ತಂದು ಮೆಲ್ಲಗೆ, "ನೀನು ಅವನನ್ನ ನೋಡೇ ಇಲ್ಲ, ಅಳಿಯ. ನಾನು ದಿನಾ ನೋಡ್ತಿದ್ದೆ," ಎಂದಳು.

ಮನೆಗೆ ಬಂದು ಕಿಟಕಿಯ ಬಳಿ ಅಣ್ಣನ ಮಣೆಯ ಮೇಲೆ ಕೂತಳು. ಎಡಗೈ ಎಳೆಮಗುವಿನಂತೆ ಮೊಂಡು ಹಿಡಿಯಿತು. ಮೊದಲ ಸುತ್ತಿಗೇ ಮಧ್ಯಾಹ್ನವಾಯಿತು. ಆದರೆ ಎಡಗೈಯಲ್ಲಿ ಎಳೆದಂತೆಲ್ಲ ಬೆತ್ತ ನಯವಾಗಿ ಜಾರಿ ಬರುತ್ತಿತ್ತು. ನಾಲ್ಕನೇ ಸುತ್ತು ಬಂತು. ಬೆತ್ತ ಉಬ್ಬಲಿಲ್ಲ, ತನ್ನ ಜಾಗ ತನಗೆ ಗೊತ್ತು ಎನ್ನುವಂತೆ ಮಲಗಿಕೊಂಡಿತು.

ಶನಿವಾರ ಮೇಲ್ವಿಚಾರಕ ಎಂಟೂ ಕುರ್ಚಿಗಳ ಮೇಲೆ ಅಂಗೈಯಾಡಿಸಿದ. ಹೊಸ ಬೆತ್ತದ ಬಣ್ಣವೊಂದು ಬಿಟ್ಟರೆ ಬೇರೇನೂ ವ್ಯತ್ಯಾಸ ಸಿಗಲಿಲ್ಲ. ಪ್ಲಾಸ್ಟಿಕ್ಕಿನವು ಬೇಡವೆಂದು ತಿಳಿಸುತ್ತೇನೆ ಎಂದ. ಆದರೂ ಅವನ ಗುಣ ಎಲ್ಲಿ ಹೋಗಬೇಕು, ಅಡಿಯಲ್ಲಿ ಗಟ್ಟಿಯಾಗಿದೆಯೋ ಎಂದು ನೋಡಲು ಒಂದನ್ನು ಮಗುಚಹೋದ.

ಬೆತ್ತದಕ್ಕ ಕುರ್ಚಿಯ ಮೇಲೆ ಎಡಗೈ ಊರಿದಳು. "ಅದು ಬೇಡಪ್ಪ," ಎಂದಳು, "ಮೇಲಿಂದ ನೋಡು."